ಮಂಡಿ, ಸೊಂಟದ ಆಪರೇಷನ್: ಸಾಂಕ್ರಾಮಿಕ ಬಂದಾಗ ಯಾವುದು ಮೊದಲು, ಯಾವುದು ಕಾಯಬಹುದು?

ನಮ್ಮಮ್ಮನ ಸವೆದ ಮಂಡಿ ಬದಲಿಸುವ ಆಪರೇಷನ್‌ಗೆ 2020ರ ಏಪ್ರಿಲ್ ಎರಡನೇ ವಾರದಲ್ಲಿ ದಿನ ಗೊತ್ತಾಗಿತ್ತು. ಮಾರ್ಚ್ 25ಕ್ಕೆ ದೇಶವೆಲ್ಲ ಲಾಕ್‌ಡೌನ್ ಆಯಿತು. ಆಸ್ಪತ್ರೆಯಿಂದ ಫೋನ್ ಮಾಡಿ "ಸದ್ಯಕ್ಕೆ ಬೇಡಮ್ಮ, ನಾವೇ ತಿಳಿಸ್ತೀವಿ" ಅಂದರು. ಆ "ಸದ್ಯಕ್ಕೆ" ಹತ್ತು ತಿಂಗಳು ಎಳೆಯಿತು. ಅದೇ ವರ್ಷ ಜೂನ್‌ನಲ್ಲಿ ನಮ್ಮ ಹಿಂದಿನ ಬೀದಿಯ ಅಜ್ಜಿಯೊಬ್ಬರು ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಹತ್ತಿರ ತೊಡೆಯ ಮೂಳೆ ಮುರಿಯಿತು. ಅವರ ಮನೆಯವರೂ "ಸದ್ಯಕ್ಕೆ ಬೇಡ" ಅಂದುಕೊಂಡರು.

ನಮ್ಮಮ್ಮ ಕಾದಿದ್ದು ಸರಿಯಾಗಿತ್ತು. ಆ ಅಜ್ಜಿಯನ್ನು ಕಾಯಿಸಿದ್ದು ತಪ್ಪಾಯಿತು. ಎರಡೂ ಕೀಲಿನ ಆಪರೇಷನ್ನೇ, ಎರಡೂ ಕೋಲಾರದಲ್ಲೇ, ಎರಡು ಮನೆಗೂ ಇದ್ದದ್ದು ಅದೇ ಕೊರೊನಾ ಭಯ. ವ್ಯತ್ಯಾಸ ಎಲ್ಲಿತ್ತು ಅನ್ನುವುದು ನನಗೆ ಅರ್ಥವಾಗುವ ಹೊತ್ತಿಗೆ ತಡವಾಗಿತ್ತು. ಮತ್ತೆ ಅಂಥ ಕಾಲ ಬಂದರೆ, ಅಥವಾ ಬೇರೆ ಯಾವುದೋ ಕಾರಣಕ್ಕೆ ಆಪರೇಷನ್‌ಗಳು ಮುಂದಕ್ಕೆ ಹೋದರೆ, ನಿಮ್ಮ ಮನೆಯಲ್ಲಿ ಹೇಗೆ ಯೋಚಿಸಬೇಕು ಅನ್ನುವುದಕ್ಕೆ ಇದನ್ನು ಬರೆಯುತ್ತಿದ್ದೇನೆ. ಕೊನೆಯ ಮಾತು ನಿಮ್ಮ ಡಾಕ್ಟರದ್ದೇ. ಆದರೆ ಅವರ ಮುಂದೆ ಕೂತಾಗ ಏನು ಕೇಳಬೇಕು ಅಂತ ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ.

ನಾವು ಸಾಮಾನ್ಯವಾಗಿ ಕೇಳುವುದು "ನೋವು ಎಷ್ಟಿದೆ?" ಅಂತ. ಕೇಳಬೇಕಾದದ್ದು ಬೇರೆ. ಕಾದರೆ ಏನು ಕಳೆದುಹೋಗುತ್ತದೆ? ಕಳೆದದ್ದು ಆಮೇಲೆ ವಾಪಸ್ ಬರುತ್ತದಾ? ನಮ್ಮಮ್ಮ ಕಾದ ಹತ್ತು ತಿಂಗಳಲ್ಲಿ ನಿದ್ದೆ ಕಳೆದುಕೊಂಡರು, ದೇವಸ್ಥಾನದ ಮೆಟ್ಟಿಲು ಹತ್ತುವುದನ್ನು ಬಿಟ್ಟರು. ಆಪರೇಷನ್ ಆದಮೇಲೆ ಎರಡೂ ವಾಪಸ್ ಬಂದವು. ಅಜ್ಜಿ ಎರಡು ವಾರದಲ್ಲಿ ಕಳೆದುಕೊಂಡದ್ದು ವಾಪಸ್ ಬರಲಿಲ್ಲ.

ಬ್ರಿಟನ್ನಿನ ಸರ್ಜನ್‌ಗಳ ಸಂಘಗಳು 2020ರಲ್ಲಿ ಎಲ್ಲ ಆಪರೇಷನ್‌ಗಳನ್ನೂ ಹೆಚ್ಚುಕಡಿಮೆ ಹೀಗೇ ವಿಂಗಡಿಸಿದವು. ಮೊದಲ ಗುಂಪು 24ರಿಂದ 72 ಗಂಟೆಯೊಳಗೆ ಆಗಲೇಬೇಕಾದದ್ದು. ಎರಡನೆಯದು ಒಂದು ತಿಂಗಳೊಳಗೆ, ಮೂರನೆಯದು ಮೂರು ತಿಂಗಳೊಳಗೆ, ನಾಲ್ಕನೆಯದು ಮೂರು ತಿಂಗಳಿಗೂ ಜಾಸ್ತಿ ಕಾಯಬಹುದಾದದ್ದು. ಸವೆದ ಮಂಡಿಯ ಆಪರೇಷನ್ ಬಹುಪಾಲು ನಾಲ್ಕನೇ ಗುಂಪಿಗೆ ಬಿತ್ತು. ಇದನ್ನು ಕೇಳಿದಾಗ ನನಗೆ ಸಿಟ್ಟು ಬಂದಿತ್ತು. ಅಮ್ಮ ರಾತ್ರಿ ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುವುದನ್ನು ನೋಡಿದವರು ಯಾರೂ ಹಾಗೆ ಹೇಳಲಾರರು ಅನ್ನಿಸಿತ್ತು. ಆಮೇಲೆ ಯೋಚಿಸಿದರೆ, ಅವರು ನೋವನ್ನು ಅಳೆದಿರಲಿಲ್ಲ. ತಡವಾದರೆ ಜೀವಕ್ಕೋ ಕಾಲಿಗೋ ಆಗುವ ನಷ್ಟವನ್ನು ಅಳೆದಿದ್ದರು.

ಒಂದು ದಿನವೂ ತಡ ಮಾಡಬಾರದ್ದು

ವಯಸ್ಸಾದವರು ಬಿದ್ದು ಸೊಂಟದ ಕೀಲಿನ ಹತ್ತಿರ ಮೂಳೆ ಮುರಿದುಕೊಂಡರೆ ಅದು ಮೊದಲ ಸಾಲಿನದು. ಕೊರೊನಾ ಇರಲಿ, ಪ್ಲೇಗೇ ಬರಲಿ. ಒಂದೆರಡು ದಿನದೊಳಗೆ ಆಪರೇಷನ್ ಆಗಬೇಕು ಅನ್ನುವುದು ಎಲ್ಲ ಕಡೆಯ ಡಾಕ್ಟರುಗಳು ಒಪ್ಪಿರುವ ಮಾತು. ಬಿದ್ದವರು ಎದ್ದು ನಿಲ್ಲಲಾರರು, ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿರುತ್ತದೆ. ಅಷ್ಟು ಕಂಡರೆ ಸಾಕು, ಆಂಬುಲೆನ್ಸ್ 108ಕ್ಕೆ ಫೋನ್ ಮಾಡಿ.

ನಮ್ಮ ಕಡೆ ಮೂಳೆ ಮುರಿದರೆ ಮೊದಲು ನೆನಪಾಗುವುದು ಪುತ್ತೂರು ಕಟ್ಟು, ಅಂದರೆ ಆಂಧ್ರದ ಪುತ್ತೂರಿನ ನಾಟಿ ವೈದ್ಯರು ಹಾಕುವ ಕಟ್ಟು. ಆಂಧ್ರದ ಗಡಿಯಲ್ಲಿರುವ ನಮಗೆ ಅದು ಅಜ್ಜ ಅಜ್ಜಿಯ ಕಾಲದ ನಂಬಿಕೆ. ಕೈಮೂಳೆ ಕೂಡಿಕೊಂಡವರು ಎಲ್ಲ ಊರಲ್ಲೂ ಇದ್ದಾರೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸೊಂಟದ ಒಳಗಿನ ಮುರಿತಕ್ಕೆ ಕಟ್ಟು ಹಾಕಲು ಜಾಗವೇ ಇಲ್ಲ. ತೊಡೆಮೂಳೆಯ ತುದಿಯಲ್ಲಿರುವ ಚೆಂಡಿನಂಥ ಗುಂಡಿಗೆ ರಕ್ತ ಹೋಗುವುದು ಸಣ್ಣ ಸಣ್ಣ ನಾಳಗಳಲ್ಲಿ. ಮೂಳೆಯ ಕುತ್ತಿಗೆ ಮುರಿದಾಗ ಅವೂ ಹರಿದು ಹೋಗುತ್ತವೆ. ರಕ್ತ ಸಿಗದ ಮೂಳೆ ಕೂಡುವುದು ಕಷ್ಟ. ಅದಕ್ಕೇ ವಯಸ್ಸಾದವರಿಗೆ ಆ ಗುಂಡನ್ನೇ ತೆಗೆದು ಲೋಹದ್ದು ಕೂರಿಸುತ್ತಾರೆ.

ಹಿಂದಿನ ಬೀದಿಯ ಅಜ್ಜಿಗೆ ಗಡಿ ದಾಟಲು ಆಗಲಿಲ್ಲ ಅಂತ ಇಲ್ಲೇ ಯಾರನ್ನೋ ಕರೆಸಿ ಕಟ್ಟು ಹಾಕಿಸಿದರು. "ಆಸ್ಪತ್ರೆಗೆ ಹೋದರೆ ಕೊರೊನಾ ಅಂಟುತ್ತೆ" ಅನ್ನುವ ಭಯ. ಅವರನ್ನು ಬೈಯಲು ನನಗೆ ಮನಸ್ಸಿಲ್ಲ, ಆ ದಿನಗಳಲ್ಲಿ ನಾವೂ ಅಷ್ಟೇ ಹೆದರಿದ್ದೆವು. ಎರಡು ವಾರ ಮಂಚದ ಮೇಲೆ ಮಲಗಿಸಿದರು. ನಾನು ನೋಡಲು ಹೋದಾಗ ಕೋಣೆಯಲ್ಲಿ ಡೆಟಾಲ್ ವಾಸನೆ. ಮಗಳು ಅಜ್ಜಿಯನ್ನು ಮಗ್ಗುಲಿಗೆ ತಿರುಗಿಸಿ ಬೆನ್ನಿನ ಕೆಳಗೆ ತೋರಿಸಿದರು. ಎಂಟಾಣೆಯಷ್ಟಗಲ ಚರ್ಮ ಕಪ್ಪಾಗಿ, ಸುತ್ತ ಕೆಂಪಾಗಿತ್ತು. ಆಮೇಲೆ ಆಪರೇಷನ್ ಆಯಿತು. ಅಷ್ಟರಲ್ಲಿ ಹುಣ್ಣಾಗಿತ್ತು, ಎದೆಯಲ್ಲಿ ಕಫ ಕಟ್ಟಿತ್ತು, ಕಾಲಿನ ಶಕ್ತಿ ಹೋಗಿತ್ತು. ಅವರು ಮತ್ತೆ ನಡೆಯಲಿಲ್ಲ.

ಇದೇ ಸಾಲಿನಲ್ಲಿ ಇನ್ನೊಂದಿದೆ. ಮೊದಲೇ ಕೀಲು ಬದಲಿಸಿಕೊಂಡವರಿಗೆ ಆ ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು, ಜ್ವರ ಬಂದರೆ ಅಥವಾ ಹೊಲಿಗೆಯ ಜಾಗದಿಂದ ಕೀವು ಬಂದರೆ ಅದು ಸೋಂಕಿರಬಹುದು. ಬೇಗ ತೊಳೆದರೆ ಹಾಕಿದ ಲೋಹವನ್ನು ಉಳಿಸಿಕೊಳ್ಳುವ ಅವಕಾಶ ಇರುತ್ತದೆ. ಕಾದರೆ ಅದನ್ನೇ ತೆಗೆಯಬೇಕಾಗಬಹುದು. ಮೆಡಿಕಲ್ ಶಾಪಿನಿಂದ ಆಂಟಿಬಯಾಟಿಕ್ ತಂದು ಸುಮ್ನೆ ನುಂಗಿಸಬೇಡಿ. ಕೀಲಿನ ನೀರು ತೆಗೆದು ಪರೀಕ್ಷೆ ಮಾಡುವ ಮೊದಲೇ ಮಾತ್ರೆ ಬಿದ್ದರೆ ಯಾವ ರೋಗಾಣು ಅಂತ ಗೊತ್ತಾಗುವುದೇ ಕಷ್ಟವಾಗುತ್ತದೆ. ಬದಲಿಸಿದ ಕೀಲು ಜಾರಿದರೂ, ಅದರ ಸುತ್ತಲ ಮೂಳೆ ಮುರಿದರೂ ಹೀಗೇ, ಅವತ್ತೇ ಹೋಗಬೇಕು.

ಕೆಲವು ವಾರ ಸರಿ, ವರ್ಷಗಟ್ಟಲೆ ಬೇಡ

ಜನ ಜಾಸ್ತಿ ಮೋಸ ಹೋಗುವುದು ಈ ನಡುವಿನ ಗುಂಪಿನಲ್ಲಿ. ಹೊರಗಿಂದ ನೋಡಿದರೆ ಇವರೂ "ಕಾಯಬಹುದಾದವರು" ಹಾಗೇ ಕಾಣುತ್ತಾರೆ.

ಕೊರೊನಾ ಜೋರಾದವರಿಗೆ ಸ್ಟೀರಾಯ್ಡ್ ಕೊಟ್ಟರು, ಅದು ಎಷ್ಟೋ ಜೀವ ಉಳಿಸಿತು. ಆದರೆ ಸ್ಟೀರಾಯ್ಡ್ ಪಡೆದವರಲ್ಲಿ ಕೆಲವರಿಗೆ ತಿಂಗಳುಗಳ ನಂತರ ಸೊಂಟದ ಕೀಲಿನ ಗುಂಡಿಗೆ ರಕ್ತ ಹೋಗುವುದು ನಿಂತು ಮೂಳೆ ಸಾಯತೊಡಗುತ್ತದೆ. ಡಾಕ್ಟರುಗಳು ಇದನ್ನು ಎವಿಎನ್ ಅನ್ನುತ್ತಾರೆ. ಮೂವತ್ತು, ನಲವತ್ತು ವಯಸ್ಸಿನವರಿಗೂ ಬರುತ್ತದೆ. ಕುಡಿತ ಜಾಸ್ತಿ ಇದ್ದವರಿಗೂ ಬರುತ್ತದೆ. ತೊಡೆಯ ಸಂದಿನಲ್ಲಿ ನೋವು, ಬೈಕ್ ಹತ್ತುವಾಗ ಕಾಲು ಎತ್ತಲು ಕಷ್ಟ. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣದೇ ಇರಬಹುದು, ಎಂಆರ್‌ಐ ಬೇಕು. ಗುಂಡು ಕುಸಿಯುವ ಮೊದಲು ಸಿಕ್ಕರೆ ಮೂಳೆಗೆ ರಂಧ್ರ ಕೊರೆದು ಒತ್ತಡ ಇಳಿಸಿ, ಸ್ವಂತ ಕೀಲನ್ನೇ ಉಳಿಸಲು ನೋಡಬಹುದು. ಕುಸಿದ ಮೇಲೆ ಆ ದಾರಿ ಮುಚ್ಚುತ್ತದೆ, ಬದಲಿಸುವುದೇ ಉಳಿಯುತ್ತದೆ. ವಯಸ್ಸು ಚಿಕ್ಕದು, ಕಾಯಬಹುದು ಅಂದುಕೊಳ್ಳುತ್ತೇವೆ ಅಲ್ವಾ? ಇಲ್ಲಿ ಚಿಕ್ಕವರನ್ನೇ ಬೇಗ ನೋಡಬೇಕು.

ಮಂಡಿಯಲ್ಲೂ ಇಂಥವರಿದ್ದಾರೆ. ಕಾಲು ಬಿಲ್ಲಿನ ಹಾಗೆ ಬಾಗುತ್ತಿದೆ, ಆರು ತಿಂಗಳ ಹಿಂದಿನ ಫೋಟೋದಲ್ಲಿ ಅಷ್ಟು ಇರಲಿಲ್ಲ ಅಂದರೆ ಒಳಗೆ ಮೂಳೆಯೂ ಸವೆಯುತ್ತಿದೆ ಅಂತ ಅರ್ಥ. ಮಲಗಿದಾಗ ಮಂಡಿ ನೆಟ್ಟಗಾಗದೆ ಮಡಚಿಕೊಂಡೇ ಇದ್ದರೂ ಅಷ್ಟೇ. ತಡವಾದಷ್ಟೂ ಆಪರೇಷನ್ ದೊಡ್ಡದಾಗುತ್ತದೆ, ಉದ್ದ ಕಡ್ಡಿಯಿರುವ ಇಂಪ್ಲಾಂಟ್ (ಒಳಗೆ ಕೂರಿಸುವ ಕೃತಕ ಕೀಲು) ಬೇಕಾಗಬಹುದು. ಪದೇ ಪದೇ ಬೀಳುವವರನ್ನೂ ಈ ಗುಂಪಿಗೇ ಸೇರಿಸಿ. ಇವತ್ತು ಮಂಡಿಗೆ ಕಾಯುತ್ತಿರುವವರು ನಾಳೆ ಬಿದ್ದು ಸೊಂಟ ಮುರಿದುಕೊಂಡರೆ ಆ ಅಜ್ಜಿಯ ಸಾಲಿಗೆ ಹೋಗುತ್ತಾರೆ.

ಕಾಯಬಹುದಾದವರು, ಆದರೆ ನೋವು ಸುಳ್ಳಲ್ಲ

ಉಳಿದವರು ನಮ್ಮಮ್ಮನ ಥರದವರು. ವಯಸ್ಸು 66, ಎರಡೂ ಮಂಡಿ ಸವೆದಿತ್ತು, ಆದರೆ ಮನೆಯೊಳಗೆ ಓಡಾಡುತ್ತಿದ್ದರು. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಕೊರೊನಾ ಬರುವ ಮೊದಲೇ ಒಂದು ಅಧ್ಯಯನ ನಡೆದಿತ್ತು. ಆಪರೇಷನ್‌ಗೆ ಕಾಯುತ್ತಿದ್ದವರಲ್ಲಿ ಸೊಂಟದ ರೋಗಿಗಳ ಪೈಕಿ 19%, ಮಂಡಿಯವರ ಪೈಕಿ 12% ಜನರ ಸ್ಥಿತಿ, ಬದುಕಿನ ಗುಣಮಟ್ಟ ಅಳೆಯುವ ಪಟ್ಟಿಯಲ್ಲಿ "ಸಾವಿಗಿಂತ ಕಡೆ" ಅನ್ನುವ ಮಟ್ಟಕ್ಕೆ ಇಳಿದಿತ್ತು. ಹಾಗಾಗಿ "ಮಂಡಿ ನೋವು ತಾನೆ" ಅಂತ ಯಾರನ್ನೂ ಹಗುರ ಮಾಡಬೇಡಿ. ನಾಲ್ಕನೇ ಗುಂಪಿನ ಒಳಗೂ ಹಿಂದೆ ಮುಂದೆ ಇದೆ. ರಾತ್ರಿ ನಿದ್ದೆಯೇ ಇಲ್ಲದವರು, ಒಂಟಿಯಾಗಿ ಬದುಕುವವರು, ಟೊಮೆಟೊ ಬಿಡಿಸಿಯೋ ರೇಷ್ಮೆ ಹುಳಕ್ಕೆ ಸೊಪ್ಪು ಹೊತ್ತೋ ಆ ದಿನದ ಅನ್ನ ದುಡಿಯುವವರು ಮುಂದೆ ಬರಬೇಕು. ಡಾಕ್ಟರ ಹತ್ತಿರ ಹೋದಾಗ "ತುಂಬಾ ನೋವು ಸಾರ್" ಅನ್ನುವ ಬದಲು "ಮಂಚದಿಂದ ಬಚ್ಚಲಿಗೆ ಹೋಗಲು ಮಗಳು ಬೇಕು, ರಾತ್ರಿ ಮೂರು ಸಲ ಏಳ್ತೀನಿ, ಎರಡು ತಿಂಗಳಿಂದ ಕೂಲಿಗೆ ಹೋಗಿಲ್ಲ" ಅಂತ ಹೇಳಿ. ಪಟ್ಟಿಯಲ್ಲಿ ಜಾಗ ನಿರ್ಧಾರವಾಗುವುದು ಇಂಥ ಮಾತಿನಿಂದ.

ಇವರನ್ನು ಯಾಕೆ ಕಾಯಿಸಿದರು? ಹಾಸಿಗೆ, ಆಕ್ಸಿಜನ್, ಸಿಬ್ಬಂದಿ ಕೊರೊನಾ ರೋಗಿಗಳಿಗೆ ಬೇಕಿತ್ತು ಅನ್ನುವುದು ಒಂದು. ಇನ್ನೊಂದು, ರೋಗಿಯ ಸ್ವಂತ ಅಪಾಯ. 2020ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ 24 ದೇಶಗಳ 1,128 ರೋಗಿಗಳ ಲೆಕ್ಕ ಬಂತು. ಆಪರೇಷನ್‌ನ ಆಸುಪಾಸಿನಲ್ಲಿ ಕೊರೊನಾ ತಗುಲಿದವರಲ್ಲಿ 23.8% ಜನ 30 ದಿನದೊಳಗೆ ತೀರಿಕೊಂಡಿದ್ದರು. ಅದರಲ್ಲಿ ತುರ್ತು ಆಪರೇಷನ್‌ಗಳೇ ಜಾಸ್ತಿ ಇದ್ದವು, ಆಗ ಲಸಿಕೆ ಇರಲಿಲ್ಲ. ಆದರೂ ಕಾಯಬಹುದಾದ ಮಂಡಿಗೋಸ್ಕರ ಆ ಅಪಾಯ ಯಾರು ತಗೊಳ್ಳುತ್ತಾರೆ? ಮರುವರ್ಷ 1,40,231 ರೋಗಿಗಳ ದೊಡ್ಡ ಅಧ್ಯಯನ ಬಂತು. ಕೊರೊನಾ ಬಂದು ಏಳು ವಾರ ಕಳೆಯುವ ಮೊದಲೇ ಆಪರೇಷನ್ ಆದವರಲ್ಲಿ ಸಾವಿನ ಪ್ರಮಾಣ ಸುಮಾರು 4%ರ ಹತ್ತಿರ ಇತ್ತು. ಏಳು ವಾರ ದಾಟಿದರೆ ಅದು 1.5%ಕ್ಕೆ, ಅಂದರೆ ಕೊರೊನಾ ಬಾರದವರ ಮಟ್ಟಕ್ಕೆ ಇಳಿಯುತ್ತಿತ್ತು. ಏಳು ವಾರ ಕಳೆದರೂ ಉಸಿರುಕಟ್ಟು, ಸುಸ್ತು ಉಳಿದಿದ್ದವರಿಗೆ ಅಪಾಯವೂ ಉಳಿದಿತ್ತು. ಲಸಿಕೆ ಬಂದ ಮೇಲೆ ಈ ಲೆಕ್ಕ ಸಡಿಲವಾಗಿದೆ. ಹೊಸ ರೋಗ ಬಂದರೆ ಅದರ ಲೆಕ್ಕ ಬೇರೆ ಇರುತ್ತದೆ. ಆದರೆ ಜ್ವರ ಬಿಟ್ಟ ಮಾರನೇ ವಾರವೇ ಮಂಡಿ ಆಪರೇಷನ್‌ಗೆ ಓಡಬೇಡಿ ಅನ್ನುವ ಮಾತು ಯಾವಾಗಲೂ ಸಲ್ಲುತ್ತದೆ.

ಕಾಯುವಾಗ ಯಾವುದನ್ನು ನಂಬಬೇಕು

ಮಾತ್ರೆ, ಇಂಜೆಕ್ಷನ್, ವ್ಯಾಯಾಮ, ನಾಟಿ ಔಷಧಿ, ಎಲ್ಲವನ್ನೂ ನಮ್ಮ ಮನೆಯಲ್ಲಿ ನೋಡಿದೆವು. ನನ್ನ ಮಟ್ಟಿಗೆ ವ್ಯಾಯಾಮಕ್ಕೇ ಮೊದಲ ಜಾಗ, ಉಳಿದವು ಅದರ ಹಿಂದೆ.

ಅಮ್ಮ ಮಾಡುತ್ತಿದ್ದದ್ದು ಎರಡೇ. ಮಂಚದ ಮೇಲೆ ಕಾಲು ಚಾಚಿ ಕೂತು, ಮಂಡಿಯ ಕೆಳಗೆ ಟವೆಲ್ ಸುತ್ತಿ ಇಟ್ಟು, ಅದನ್ನು ಹಾಸಿಗೆಗೆ ಒತ್ತಿ ಹತ್ತು ಎಣಿಸುವುದು. ಆಮೇಲೆ ಕಾಲನ್ನು ನೆಟ್ಟಗೆ ಒಂದಡಿ ಎತ್ತಿ ಹಿಡಿಯುವುದು. ಶುರುವಿನಲ್ಲಿ ಐದಕ್ಕೇ ಕಾಲು ನಡುಗುತ್ತಿತ್ತು. ಸಂಜೆ ಧಾರಾವಾಹಿಯ ಜಾಹೀರಾತು ಬಂದಾಗಲೆಲ್ಲ ಮಾಡುತ್ತಿದ್ದರು. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾದರೆ ಮಂಡಿಗೆ ಬೀಳುವ ಪೆಟ್ಟು ತಗ್ಗುತ್ತದೆ. ಆಪರೇಷನ್ ಆದಮೇಲೆ ಬೇಗ ಏಳಲೂ ಅದೇ ಬೇಕು. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ನಾಲ್ಕು ಕಿಲೋದಷ್ಟು ಇಳಿಯುತ್ತದೆ. ಊರುಗೋಲು ಹಿಡಿಯಬೇಕಾದದ್ದು ನೋವಿರುವ ಕಡೆಯಲ್ಲ, ಅದರ ಎದುರು ಕೈಯಲ್ಲಿ. ಅದನ್ನು ತಪ್ಪಾಗಿ ಹಿಡಿದವರೇ ಜಾಸ್ತಿ. ಮಂಚದ ಕಾಲುಗಳ ಕೆಳಗೆ ಒಂದೊಂದು ಇಟ್ಟಿಗೆ ಇಟ್ಟೆವು, ಏಳುವುದು ಅರ್ಧ ಸುಲಭವಾಯಿತು. ಕುಕ್ಕರುಗಾಲಲ್ಲಿ ಕೂರುವ ಪಾಯಖಾನೆಯ ಮೇಲೆ ನಡುವೆ ತೂತಿರುವ ಕುರ್ಚಿ ಇಟ್ಟೆವು. ಇಷ್ಟಕ್ಕೆ ಖರ್ಚಾದದ್ದು ತೀರಾ ಕಡಿಮೆ.

ಮಾತ್ರೆಯಲ್ಲಿ ಪ್ಯಾರಾಸಿಟಮಾಲ್, ಹಚ್ಚುವ ಡೈಕ್ಲೋಫೆನಾಕ್ ಜೆಲ್ ಮೊದಲು. ನುಂಗುವ ಡೈಕ್ಲೋಫೆನಾಕ್ ಥರದವು ನೋವನ್ನು ಚೆನ್ನಾಗಿ ಇಳಿಸುತ್ತವೆ, ಆದರೆ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಗೂ ಕಿಡ್ನಿಗೂ ಪೆಟ್ಟು. ಶುಗರ್, ಬಿಪಿ ಇದ್ದವರಿಗೆ ಇನ್ನೂ ಜಾಸ್ತಿ. ಕಿಡ್ನಿ ಕೆಟ್ಟರೆ ಆಮೇಲೆ ಆಪರೇಷನ್ನೇ ಕಷ್ಟ. ಹೆಸರಿಲ್ಲದ ಪುಡಿ, ಗುಳಿಗೆ ತಗೊಂಡು ಎರಡೇ ದಿನದಲ್ಲಿ ನೋವು ಮಾಯವಾದರೆ ಅನುಮಾನ ಪಡಿ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು.

ಮಂಡಿಗೆ ಚುಚ್ಚುವ ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರ ನೆಮ್ಮದಿ ಕೊಡುತ್ತದೆ. ಕಾಯುವುದು ಉದ್ದವಾಗುತ್ತದೆ ಅಂತ ಖಚಿತವಿದ್ದರೆ ಒಳ್ಳೆಯದೇ. ಆದರೆ ಚುಚ್ಚಿಸಿಕೊಂಡ ಮೂರು ತಿಂಗಳೊಳಗೆ ಆ ಕೀಲು ಬದಲಿಸಿದರೆ ಸೋಂಕಿನ ಭಯ ಜಾಸ್ತಿ. ಹಾಗಾಗಿ ದಿನ ಹತ್ತಿರವಿದ್ದರೆ ಬೇಡ. ಶುಗರ್ ಕೂಡ ಕೆಲವು ದಿನ ಏರುತ್ತದೆ. "ಗ್ರೀಸ್ ಇಂಜೆಕ್ಷನ್" ಅಂತ ಕರೆಯುವ, ಕೀಲಿಗೆ ಜಾರುವ ದ್ರವ ಚುಚ್ಚುವ ಇಂಜೆಕ್ಷನ್‌ಗೆ ದುಡ್ಡು ಜಾಸ್ತಿ, ಫಲ ಕಡಿಮೆ. ಮಂಡಿ ಪೂರ್ತಿ ಸವೆದವರಿಗೆ ಅದನ್ನು ಚುಚ್ಚಿಸಿಕೊಳ್ಳಿ ಅಂತ ನಾನು ಹೇಳಲಾರೆ.

ನಮ್ಮ ಜಿಲ್ಲೆಯವರಿಗೆ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯವರಿಗೂ ಇನ್ನೊಂದು ಮಾತು. ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವ ಊರುಗಳು ನಮ್ಮಲ್ಲಿ ಬಹಳ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದವರಿಗೆ ಹಲ್ಲು ಕಂದಬಹುದು, ಕುತ್ತಿಗೆ ಬೆನ್ನು ಬಿಗಿಯಬಹುದು, ಕೀಲುಗಳು ಹಿಡಿದುಕೊಳ್ಳಬಹುದು. ಮಂಡಿಯ ಜೊತೆಗೆ ಮೈಯೆಲ್ಲ ಬಿಗಿದಿದ್ದರೆ ಡಾಕ್ಟರಿಗೆ ನೀರಿನ ವಿಷಯವನ್ನೂ ಹೇಳಿ. ಬರೀ ಮಂಡಿ ಬದಲಿಸಿದರೆ ಬೆನ್ನು ಬಗ್ಗುವುದಿಲ್ಲ.

ಕೋಲಾರವಾ, ಬೆಂಗಳೂರಾ? ಒಂದಾ, ಎರಡೂನಾ?

ಬೆಂಗಳೂರು 70 ಕಿಲೋಮೀಟರ್. ಸಾಮಾನ್ಯ ದಿನದಲ್ಲಿ ಅದೇನೂ ದೂರವಲ್ಲ. ಬಸ್ಸು ನಿಂತಾಗ ಅದು ಬಹಳ ದೂರ. ಹೊಲಿಗೆ ಬಿಚ್ಚಲು ಎರಡು ವಾರಕ್ಕೆ, ಮತ್ತೆ ತೋರಿಸಲು ಆರು ವಾರಕ್ಕೆ ಹೋಗಬೇಕು, ನಡುವೆ ಫಿಸಿಯೋಥೆರಪಿ. ಹೃದಯ ಅಥವಾ ಕಿಡ್ನಿ ತೊಂದರೆ ಇದ್ದವರಿಗೆ, ಒಂದು ಸಲ ಬದಲಿಸಿದ್ದನ್ನು ಮತ್ತೆ ಬದಲಿಸಬೇಕಾದವರಿಗೆ ಎಲ್ಲ ವಿಭಾಗ ಇರುವ ದೊಡ್ಡ ಆಸ್ಪತ್ರೆಯೇ ಸರಿ. ಜಯನಗರದ ಸಂಜಯ್ ಗಾಂಧಿ ಆಸ್ಪತ್ರೆ ಮೂಳೆಗೆಂದೇ ಇರುವ ಸರ್ಕಾರಿ ಸಂಸ್ಥೆ. ಉಳಿದವರಿಗೆ, ಮಂಡಿ ಆಪರೇಷನ್ ಆಗಾಗ ಮಾಡುವ ಸರ್ಜನ್ ಇಲ್ಲೇ ಇದ್ದರೆ, ಹತ್ತಿರದ್ದೇ ಒಳ್ಳೆಯದು ಅಂತ ನನ್ನ ಅನುಭವ. "ವರ್ಷಕ್ಕೆ ಎಷ್ಟು ಮಾಡ್ತೀರಿ? ಕೊರೊನಾ ವಾರ್ಡಿಗೂ ಇದಕ್ಕೂ ಬೇರೆ ದಾರಿ, ಬೇರೆ ಸಿಬ್ಬಂದಿ ಇದ್ದಾರಾ? ಎಷ್ಟನೇ ದಿನಕ್ಕೆ ಮನೆಗೆ ಕಳಿಸ್ತೀರಿ?" ಈ ಮೂರನ್ನು ಕೇಳಿ. ಕೇಳಿದ್ದಕ್ಕೆ ಒಳ್ಳೆಯ ಡಾಕ್ಟರು ಬೇಜಾರು ಮಾಡಿಕೊಳ್ಳುವುದಿಲ್ಲ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ. ಖಾಸಗಿಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಕಾಗದ ಬೇಕಾಗುತ್ತದೆ. ನಿಮ್ಮ ಆಪರೇಷನ್ ಅದರಲ್ಲಿ ಸೇರುತ್ತದಾ ಅಂತ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರನ್ನು ಮೊದಲೇ ಕೇಳಿ. ಸ್ವಂತ ದುಡ್ಡಿನಲ್ಲಿ ಮಾಡಿಸುವವರು ಇಂಪ್ಲಾಂಟ್ ಬೆಲೆಯನ್ನು ಬಿಲ್ಲಿನಲ್ಲಿ ಬೇರೆಯಾಗಿ ಬರೆಸಿಕೊಳ್ಳಿ. ಮಂಡಿ ಇಂಪ್ಲಾಂಟ್‌ಗೆ 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಬೆಲೆಯ ಮಿತಿ ಹಾಕಿತು. ಸಾಮಾನ್ಯವಾಗಿ ಬಳಸುವ ಕೋಬಾಲ್ಟ್ ಕ್ರೋಮಿಯಂನದ್ದಕ್ಕೆ ಆಗ ಗೊತ್ತು ಮಾಡಿದ್ದು ಜಿಎಸ್‌ಟಿ ಬಿಟ್ಟು 54,720 ರೂಪಾಯಿ.

ಎರಡೂ ಮಂಡಿ ಒಟ್ಟಿಗೆ ಮಾಡಿಸಿದರೆ ಒಂದೇ ಸಲ ಆಸ್ಪತ್ರೆ, ಒಂದೇ ಸಲ ನೋವು. ಅದು ನಿಜ. ಆದರೆ ರಕ್ತ ಜಾಸ್ತಿ ಹೋಗುತ್ತದೆ, ಹೃದಯ ಶ್ವಾಸಕೋಶಕ್ಕೆ ಭಾರ ಜಾಸ್ತಿ, ಐಸಿಯು ಬೇಕಾಗುವ ಸಾಧ್ಯತೆಯೂ ಜಾಸ್ತಿ. ಐಸಿಯು ಹಾಸಿಗೆಯೇ ಸಿಗದ ಕಾಲದಲ್ಲಿ ಒಂದೊಂದಾಗಿ ಮಾಡಿಸುವುದೇ ಸರಿ. ಅಮ್ಮ ಜಾಸ್ತಿ ಕೆಟ್ಟಿದ್ದ ಬಲ ಮಂಡಿಯನ್ನು ಮೊದಲು ಮಾಡಿಸಿದರು.

ಅವರ ಸರದಿ ಬಂದದ್ದು 2021ರ ಫೆಬ್ರವರಿಯಲ್ಲಿ. ಮೊದಲ ಅಲೆ ಇಳಿದಿತ್ತು, ಎರಡನೆಯದು ಇನ್ನೂ ಎದ್ದಿರಲಿಲ್ಲ. ಶನಿವಾರ ಮಧ್ಯಾಹ್ನ ಆಸ್ಪತ್ರೆಯಿಂದ ಫೋನ್. "ಮಂಗಳವಾರಕ್ಕೆ ಒಬ್ಬರು ಶುಗರ್ ಜಾಸ್ತಿ ಇದೆ ಅಂತ ಮುಂದಕ್ಕೆ ಹೋದರು. ನಿಮ್ಮ ತಾಯಿ ರೆಡಿ ಇದ್ದಾರಾ?" ಅಮ್ಮನ ಶುಗರ್ ಮೂರು ತಿಂಗಳ ಸರಾಸರಿ (ಎಚ್‌ಬಿಎ1ಸಿ) 7ರ ಕೆಳಗಿತ್ತು. ಸೋಂಕಿಗೆ ದಾರಿಯಾಗದಿರಲಿ ಅಂತ ಹುಳುಕು ಹಲ್ಲನ್ನು ದೀಪಾವಳಿಗೆ ಮುಂಚೆಯೇ ಕೀಳಿಸಿದ್ದೆವು, ಹಿಮ್ಮಡಿಯ ಬಿರುಕು ವಾಸಿಯಾಗಿತ್ತು, ರಕ್ತ, ಇಸಿಜಿ, ಎದೆಯ ಎಕ್ಸ್‌ರೇ ಎಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಗೋಡೆಯ ಮೊಳೆಗೆ ತೂಗುತ್ತಿತ್ತು. ನಾನು ಫೋನ್ ಹಿಡಿದುಕೊಂಡೇ ಅವರ ಕಡೆ ನೋಡಿದೆ. ಅವರು ಆಗಲೇ ಎದ್ದು, ಎಡಗೈಯಲ್ಲಿ ಕೋಲು ಹಿಡಿದು, ಆ ಕವರನ್ನು ಮೊಳೆಯಿಂದ ತೆಗೆಯುತ್ತಿದ್ದರು.